ಟೈಲರಣ್ಣ ಹೊಲಿದ ಕಮೋಡ್ ಸೀಟು

ಟೈಲರಣ್ಣನ ಮನೆಗೆ ಅವನ ಅಕ್ಕ ಬರದೆ ಏಳು ಭಾನುವಾರಗಳಾಗಿದ್ದವು. ಹೆಂಡತಿ ತೀರಿಕೊಂಡ ಮೇಲೆ ಆ ಮನೆಯ ಒಳಗೆ ಬಂದು ಕೂರುತ್ತಿದ್ದವಳು ಅವಳೊಬ್ಬಳೇ. ಗಿರಾಕಿಗಳು ಬಾಗಿಲಲ್ಲೇ ಅಳತೆ ಕೊಟ್ಟು ಹೋಗುವವರು. ಭಾನುವಾರ ಅಕ್ಕ ಬಂದು, ಗುಂಡಿ ಹೊಲಿಯುತ್ತಾ ಊರ ಸುದ್ದಿಯೆಲ್ಲ ಹೇಳಿ ಹೋದರೆ ಅವನ ಇಡೀ ವಾರ ಹೇಗೋ ಸಾಗುತ್ತಿತ್ತು. ಈಗ ಫೋನ್ ಮಾಡಿದರೆ, "ಮಂಡಿ ನೋವು ಕಣೋ, ಮುಂದಿನ ವಾರ ನೋಡೋಣ" ಅನ್ನುತ್ತಿದ್ದಳು. ಇವನೇ ಹೋಗಬಹುದಿತ್ತು. ಆದರೆ ಬಿಗುಮಾನ ಬಿಡಬೇಕಲ್ಲ!

ಒಂದು ಬುಧವಾರ, ಅಕ್ಕನ ಮಂಡಿ ನೋವಿಗೆ ಮಾತ್ರೆ ಕೊಡುವ ಊರಿನ ನರ್ಸಮ್ಮ ತಮ್ಮ ಬ್ಯಾಗಿಗೆ ಜಿಪ್ ಹಾಕಿಸಲು ಬಂದರು. "ಬಾತ್‌ರೂಮಿಗೆ ಹೋಗಿ ಬರ್ಲಾ ಅಣ್ಣ?" ಎಂದು ಒಳಗೆ ಹೋದವರು ಮುಖ ಸಿಂಡರಿಸಿಕೊಂಡು ಬಂದರು.

"ಕಮೋಡ್ ಸೀಟಿಗೆ ಅಂಗಿ ತೊಡಿಸಿದ್ದು ಯಾರು?"

"ನಾನೇ," ಎಂದ ಹೆಮ್ಮೆಯಿಂದ. "ಎರಡು ತಿಂಗಳ ಹಿಂದೆ ಬಿರುಕು ಬಿಡ್ತು. ರೆಕ್ಸಿನ್ ಸುತ್ತಿ, ದಬ್ಬಳದಲ್ಲಿ ಎರಡು ಸಾಲು ಹೊಲಿಗೆ ಹಾಕ್ದೆ."

"ಹೊಲಿಗೆ ಚೆನ್ನಾಗಿದೆ. ಆದ್ರೆ ಬೋಲ್ಟ್ ಸಡಿಲ ಆಗಿ, ಕೂತ್ರೆ ಸೀಟು ಪಕ್ಕಕ್ಕೆ ಜಾರತ್ತೆ. ರೆಕ್ಸಿನ್ ಒಳಗೆ ನೀರು ನಿಂತು ಕೊಳೆ ಕಟ್ಟಿದೆ. ಎಷ್ಟು ತೊಳೆದ್ರೂ ಹೋಗಲ್ಲ."

"ಇರೋದು ನಾನೊಬ್ಬನೇ. ನಂಗೆ ಸಾಕು ಬಿಡಿ."

"ಒಬ್ಬರೇ ಇರೋರು ಬಿದ್ರೆ ಎತ್ತೋರು ಯಾರು? ಹೋಗ್ಲಿ, ನಿಮ್ಮಕ್ಕ ಬಂದಾಗ ಏನು ಮಾಡ್ತಾರೆ? ಮಂಡಿ ನೋವಿನೋರು ಸೀಟಿನ ಮೇಲೆ ಪೂರ್ತಿ ಭಾರ ಬಿಟ್ಟು ಕೂರ್ತಾರೆ."

ಟೈಲರಣ್ಣನಿಗೆ ತಟ್ಟನೆ ನೆನಪಾಯಿತು. ಕೊನೆಯ ಸಲ ಬಂದಾಗ ಅಕ್ಕ ಚಹಾ ಮುಟ್ಟಿರಲಿಲ್ಲ. ನೀರೂ ಬೇಡವೆಂದು, ಅರ್ಧ ಗಂಟೆಯಲ್ಲೇ ಎದ್ದು ಹೋಗಿದ್ದಳು. ಅಕ್ಕನಿಗೆ ತಾನು ಬೇಡವಾದೆ ಎಂದು ಇವನು ಮುಖ ಊದಿಸಿಕೊಂಡಿದ್ದ. ಪಾಪ, ಅವಳಿಗೆ ಆ ಸೀಟಿನ ಮೇಲೆ ಕೂರಲು ಭಯ, ಬಾಯಿ ಬಿಟ್ಟು ಹೇಳಲು ನಾಚಿಕೆ. ಅವನಿಗೆ ಅಳುವೇ ಬಂತು.

"ಪ್ಲಂಬರ್ ಸಿಗೋದು ಯಾವ ಕಾಲಕ್ಕೋ," ಎಂದ.

"ಅಳತೆ ಟೇಪು ಕುತ್ತಿಗೆಯಲ್ಲೇ ಇದೆ, ಪ್ಲಂಬರ್ ಯಾಕೆ? ಎರಡು ಬೋಲ್ಟ್ ತೂತುಗಳ ನಡುವಿನ ಅಂತರ, ಅಲ್ಲಿಂದ ಮುಂದಿನ ಅಂಚಿನವರೆಗೆ ಉದ್ದ, ಆಮೇಲೆ ಅಗಲ. ಅಂಗಡಿಯಲ್ಲಿ ಇಷ್ಟು ಹೇಳಿ ಸಾಕು. ನಟ್ಟು ಕೈಯಲ್ಲೇ ಬಿಗಿ ಮಾಡಿ, ಅತಿಯಾಗಿ ಬಿಗಿದ್ರೆ ಕಮೋಡೇ ಬಿರುಕು ಬಿಡತ್ತೆ."

ಅವತ್ತೇ ಹೊಸ ಸೀಟು ತಂದ. ಕೆಳಗಿನಿಂದ ನಟ್ಟು ತಿರುಗಿಸಿ ಹಳೆಯದನ್ನು ಎತ್ತಿದಾಗ, ಅಡಿಯ ಕೊಳೆ ಕಂಡು ಅವನಿಗೇ ಅಸಹ್ಯವಾಯಿತು. ತಿಕ್ಕಿ ತೊಳೆದು ಒರೆಸಿ, ಹೊಸದನ್ನು ಕೂರಿಸಿ, ಎರಡೂ ನಟ್ಟುಗಳನ್ನು ಸಮನಾಗಿ ಬಿಗಿ ಮಾಡಿದ. ಕೂತು ಆ ಕಡೆ ಈ ಕಡೆ ವಾಲಿ ನೋಡಿದ. ಮಿಸುಕಲಿಲ್ಲ. ಅರ್ಧ ಗಂಟೆಯ ಕೆಲಸ. ಅದನ್ನು ಮಾಡದೆ ಏಳು ಭಾನುವಾರ ಕಳೆದುಕೊಂಡಿದ್ದ.

"ಅಕ್ಕಾ, ಸೀಟು ಬದಲಾಯಿಸಿದೀನಿ," ಎಂದ ಫೋನಿನಲ್ಲಿ.

ಅಕ್ಕ ಮೊದಲು ಕೇಳಿದ್ದು ಒಂದೇ: "ಅಲ್ಲಾಡಲ್ಲ ತಾನೇ?"

"ಇಲ್ಲ ಅಕ್ಕ."

"ಹಾಗಾದ್ರೆ ಗುಂಡಿ ಹೊಲಿಯೋ ಅಂಗಿ ಎತ್ತಿಡು, ಭಾನುವಾರ ಬರ್ತೀನಿ."

ಬಂದವಳು ಎರಡು ಲೋಟ ಚಹಾ ಕುಡಿದಳು. ಸಂಜೆಯವರೆಗೂ ಇದ್ದಳು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯ ಸೀಟನ್ನೂ ಇವತ್ತೇ ಒಮ್ಮೆ ಅಲ್ಲಾಡಿಸಿ ನೋಡಿ. ಸಡಿಲವಿದ್ದರೆ ಬಿಗಿ ಮಾಡಿ, ಬಿರುಕಿದ್ದರೆ ಬದಲಾಯಿಸಿ. ನಿಮ್ಮ ಮನೆಗೆ ಬಂದವರು ಯಾರಾದರೂ ನೀರೂ ಕುಡಿಯದೆ ಎದ್ದು ಹೋದರೆ, ಮುನಿಸಿಕೊಳ್ಳುವ ಮೊದಲು ಬಾತ್‌ರೂಮಿಗೆ ಹೋಗಿ ನೋಡಿ ಬನ್ನಿ.