ಮೂರನೇ ಬೀಗ

ಸಾಕ್ಷಿ ಹೇಳಿದ್ದು ಎರಡು ಬೀಗ. ಟೀವಿಯವರು ಹೇಳಿದ್ದು ಮೂರು. ಆ ಇಲ್ಲದ ಮೂರನೇ ಬೀಗ ಕೋರ್ಟಿನ ಟೈಪಿಸ್ಟಮ್ಮನ ನೆಮ್ಮದಿಗೇ ಬಿತ್ತು ನೋಡಿ.

ಸಂಗತಿ ಇಷ್ಟೇ. ಸಿನಿಮಾ ಮಂದಿರಕ್ಕೆ ಬೆಂಕಿ ಬಿದ್ದು ಒಂಬತ್ತು ಜನ ಸತ್ತಿದ್ದರು. ಹಿಂಬಾಗಿಲಿಗೆ ಬೀಗ ಹಾಕಿಸಿದ್ದು ಮಾಲೀಕನೇ ಅಂತ ಟಿಕೆಟ್ ಹರಿಯುವ ಹೆಂಗಸು ಸಾಕ್ಷಿ ನುಡಿದಳು. ಅವಳ ಜೀವಕ್ಕೆ ಅಪಾಯ ಅಂತ ನ್ಯಾಯಾಧೀಶರು ಬಾಗಿಲು ಮುಚ್ಚಿಸಿ ವಿಚಾರಣೆ ನಡೆಸಿದರು, ಒಂದಕ್ಷರ ಹೊರಗೆ ಹೋಗಕೂಡದು ಅಂದರು. ಸಂಜೆಗೆಲ್ಲ ಟೀವಿಯಲ್ಲಿ ಬಂತು! 'ಮೂರು ಬೀಗ' ಅಂತ ನಿರೂಪಕ ಗಂಟಲು ಹರಿದುಕೊಂಡ. ಆ ಹೆಂಗಸು ಹೆದರಿ ಮನೆಗೆ ಬೀಗ ಹಾಕಿಕೊಂಡು ಹೋದವಳು ಪತ್ತೆಯಿಲ್ಲ.

ಮೂರು ಅನ್ನೋದು ಟೈಪಿಸ್ಟಮ್ಮನದೇ ತಪ್ಪು. ಅವಸರದಲ್ಲಿ ಹಾಗೆ ಒತ್ತಿದ್ದಳು. ಅವಳು ಗಟ್ಟಿಯಾಗಿ ಓದುವುದು, ಹಿರಿಯ ಗುಮಾಸ್ತರು ಕೈಬರಹದ ಪ್ರತಿ ಹಿಡಿದು ತಾಳೆ ನೋಡುವುದು ಅಲ್ಲಿನ ಕ್ರಮ. 'ಮೂರು' ಅಂದ ತಕ್ಷಣ ಅವರು ಬಾಯಿ ಬಿಡದೆ ಎರಡು ಬೆರಳು ಎತ್ತಿ ತೋರಿಸಿದ್ದರು. ತಪ್ಪು ಹಾಳೆಯನ್ನು ಅವಳೇ ಚೂರುಚೂರು ಮಾಡಿದ್ದಳು. ಅಂದಮೇಲೆ ಆ ಮೂರು ಗೊತ್ತಿದ್ದದ್ದು ಇಬ್ಬರಿಗೇ. ತಾನಂತೂ ಯಾರಿಗೂ ಹೇಳಿಲ್ಲ. ಹಾಗಾದರೆ ಇನ್ಯಾರು?

ಗುಮಾಸ್ತರನ್ನು ಕಚೇರಿಯೆಲ್ಲ ಶೀತಪ್ಪ ಅನ್ನುತ್ತಿತ್ತು. ಸುಡುಬಿಸಿಲಲ್ಲೂ ಕೊರಳಿಗೆ ಮಫ್ಲರ್. ಕೂತ ಕೂಡಲೇ "ಕಿಟಕಿ ಮುಚ್ಚು ತಾಯಿ, ಶೀತ" ಅನ್ನೋರು. ಆ ಸಾಕ್ಷಿ ಹೇಳಿಕೆ ಓದಿದ ದಿನ ಅವಳು ಕೇಳಿರಲಿಲ್ಲ. "ನಿಮ್ಮ ಶೀತಕ್ಕೆ ನಾನು ಬೆಂದು ಹೋಗ್ಬೇಕಾ ಸರ್?" ಅಂತ ನಕ್ಕು ಕಿಟಕಿಯ ಎರಡೂ ಬಾಗಿಲು ತೆರೆದಿಟ್ಟಿದ್ದಳು.

ಈಗ ಅವರು ಕೆಮ್ಮಿದರೂ ಅವಳಿಗೆ ಅನುಮಾನ. ಎರಡು ತಿಂಗಳಲ್ಲಿ ನಿವೃತ್ತಿ, ಕಾಲಲ್ಲಿ ಹೊಸ ಚಪ್ಪಲಿ! ಎಲ್ಲಿಂದ ಬಂತು? ಮುಖ ಕೊಟ್ಟು ಮಾತೂ ಆಡುತ್ತಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನೋದು ಇದಕ್ಕೇ ಅಂದುಕೊಂಡಳು. ಬೇಕಂತಲೇ ಮೂರು ಅಂದಿರಬೇಕು ಮುದುಕ, ಬೆರಳು ನನ್ನ ಕಡೆ ತಿರುಗಲಿ ಅಂತ! ಸುದ್ದಿ ಸೋರಿದ್ದು ಹೇಗೆ ಅಂತ ವಿಚಾರಿಸಲು ನೇಮಿಸಿದ್ದ ಅಧಿಕಾರಿಗೆ ಸೀದಾ ಹೋಗಿ ಹೇಳಿಯೂ ಬಿಟ್ಟಳು.

"ಅವರೇ ಸರ್. ಬೇರೆ ಯಾರೂ ಇರ್ಲಿಲ್ಲ."

"ನಿಜವಾದರೆ ಕೆಲಸವೂ ಹೋಯ್ತು, ಪಿಂಚಣಿಯೂ ಹೋಯ್ತು" ಅಂದರು ಅಧಿಕಾರಿ. ಆದರೂ ಅವಳು ಮಾತು ವಾಪಸ್ ತಗೊಳ್ಳಲಿಲ್ಲ.

ಮಾರನೇ ದಿನ ಗುಮಾಸ್ತರ ಕೈಬರಹದ ಹೇಳಿಕೆ ಟೈಪಿಗೆ ಬಂತು. ಟೈಪ್ ಮಾಡುವವಳು ಇವಳೇ ತಾನೇ! 'ನಮ್ಮ ಕಿಟಕಿಯ ಕೆಳಗಿನ ಬೆಂಚಿನಲ್ಲಿ ವರದಿಗಾರರು ಕೂರುತ್ತಾರೆ. ಒಳಗೆ ಓದಿದ್ದು ಅಲ್ಲಿಗೆ ಕೇಳಿಸುತ್ತದೆ. ಆ ದಿನ ಕಿಟಕಿ ತೆರೆದವನು ನಾನೇ.'

ಟೈಪ್ ಮಾಡುತ್ತಿದ್ದವಳು ಅಲ್ಲೇ ನಿಲ್ಲಿಸಿದಳು. ಅಯ್ಯೋ, ಊರೆಲ್ಲ ಕಳ್ಳನನ್ನು ಹುಡುಕಿದೆನಲ್ಲ, ಹೊರಗೆ ಹೋದದ್ದು ನನ್ನದೇ ದನಿ!

ಹೊರಗೆ ಬಂದು ನೋಡಿದರೆ ಗುಮಾಸ್ತರು ಅದೇ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಮಫ್ಲರ್ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದರು.

"ಯಾಕ್ ಸರ್ ಸುಳ್ಳು ಬರೆದ್ರಿ?"

"ನಂಗೆಲ್ಲಿಯ ಶೀತ ತಾಯಿ! ಕಿಟಕಿ ಮುಚ್ಚಿಸೋಕೆ ಒಂದು ನೆಪ. ನಿಜವಾದ ಕಾರಣ ನಿಂಗೆ ಹೇಳ್ಬೇಕಿತ್ತು, ಹೇಳ್ಲಿಲ್ಲ. ನಂಗಿನ್ನು ಎರಡು ತಿಂಗಳು, ನಿಂಗೆ ಇಪ್ಪತ್ತು ವರ್ಷ ಇದೆ."

ಅವಳಿಗೆ ಅಳು ಉಕ್ಕಿ ಬಂತು. "ಸರ್, ನಾನು... ನಿಮ್ಮ ಹೆಸರೇ ಹೇಳಿದ್ದೆ."

"ಗೊತ್ತು" ಅಂದರು ಅವರು, ಅಧಿಕಾರಿಯ ಕೋಣೆಯ ಕಡೆ ಕತ್ತೆತ್ತಿ. "ನಾನು ಇಲ್ಲೇ ಕೂತಿದ್ದೆ. ಆ ಕಿಟಕಿನೂ ತೆರೆದೇ ಇತ್ತು."

ಅವಳು ಒಳಗೆ ಹೋಗಿ ತನ್ನ ಹೆಸರಲ್ಲೇ ಒಂದು ಹಾಳೆ ಬರೆದು ಸಹಿ ಹಾಕಿದಳು, ಅಧಿಕಾರಿಯ ಮೇಜಿನ ಮುಂದೆ ನಿಂತಳು.

"ಕಿಟಕಿ ಮುಚ್ಚಿ ಓದಮ್ಮ" ಅಂದರು ಅಧಿಕಾರಿ.

"ಇರ್ಲಿ ಸರ್" ಅಂದಳು, "ಇದು ಅಲ್ಲಿಗೂ ಕೇಳ್ಬೇಕು." ಗಟ್ಟಿಯಾಗಿ ಓದತೊಡಗಿದಳು.