ತಿದ್ದಿದ ಮಾತು

“ಕೈ ತೆಗೀರಿ, ಜಯಂತ್ ಅವರೇ. ಮನೆಯವರು ತಳ್ತಾರೆ.”

ಮಂಜುನಾಥನ ದನಿ ತಗ್ಗಿಯೇ ಇತ್ತು. ಆದರೆ ಶವಪೆಟ್ಟಿಗೆಯ ಹಿಡಿಯಿಂದ ಜಯಂತನ ಬೆರಳುಗಳನ್ನು ಬಿಡಿಸಿದ್ದು ಮಾತ್ರ ಹಲಗೆಯಿಂದ ಮೊಳೆ ಕೀಳುವ ಹಾಗೆ. ಪೆಟ್ಟಿಗೆ ಗಾಲಿಗಳ ಮೇಲಿತ್ತು. ತಳ್ಳಲು ಒಬ್ಬ ಸಾಕಾಗಿತ್ತು. ಸಿಯಾಟಲ್ ಪಕ್ಕದ ಶೋರ್‌ಲೈನಿನ ಆ ಶವಸಂಸ್ಕಾರದ ಕಟ್ಟಡದ ಓಣಿಯಲ್ಲಿ, ಒದ್ದೆ ಕೋಟುಗಳ ವಾಸನೆಯ ನಡುವೆ, ಜಯಂತ ಗೋಡೆಗೆ ಒತ್ತಿ ನಿಂತ.

“ಮೂವತ್ತು ವರ್ಷದ ಸ್ನೇಹ, ಮಂಜುನಾಥ್.”

“ಗೊತ್ತು. ಹಿಂದೆ ವ್ಯಾನಿದೆ, ಅದರಲ್ಲಿ ನೀವಿದೀರಿ ಅಂತ ನಂಬ್ಕೊಂಡೇ ನಮ್ಮ ಭಾವ ಆ ಬೆಂಗಾಡಿಗೆ ಸೈಕಲ್ ತಗೊಂಡು ಹೋಗಿದ್ದು. ನೀವು ಅವರನ್ನ ಬಿಟ್ಟು ಮುಂದೆ ಹೋದ್ರಿ.”

ಪೆಟ್ಟಿಗೆಯಲ್ಲಿದ್ದ ಅಶ್ವತ್ಥನಾರಾಯಣ ವಿಮಾನ ಕಾರ್ಖಾನೆಯ ನಿವೃತ್ತ ಎಂಜಿನಿಯರ್. ಆಸ್ಟ್ರೇಲಿಯಾದ ಒಳನಾಡಿನ ಕೆಂಪು ದಾರಿಯಲ್ಲಿ, ಸೈಕಲ್ ಪ್ರವಾಸದ ನಡುವೆ ಸತ್ತಿದ್ದ. ದೇಹ ಮನೆಗೆ ಬರುವಷ್ಟರಲ್ಲಿ ದುಃಖಕ್ಕಿಂತ ಸಿಟ್ಟು ಬಲಿತಿತ್ತು.

“ಬಿಡೋ ಮಂಜು,” ಎಂದಳು ಸತ್ತವನ ಹೆಂಡತಿ ವಸಂತಲಕ್ಷ್ಮಿ. ಬೆಳಗಿನಿಂದ ಅವಳು ಅತ್ತಿರಲಿಲ್ಲ. “ಬಾಯಿಗೆ ಅಕ್ಕಿ ಹಾಕುವಾಗ ಅವರೂ ಬರಲಿ. ನಾನು, ವಿದ್ಯಾ, ಆಮೇಲೆ ಜಯಂತ್.”

“ಅಕ್ಕ, ಇವರಿಂದಾನೇ...”

“ಕೊನೇ ಮಾತು ಕೇಳಿದೋರು ಇವರು. ‘ಬರ್ತೀನಿ’ ಅಂದ್ರಂತೆ. ಬರೋ ಮನಸ್ಸಿತ್ತು ಅವರಿಗೆ. ನನಗಷ್ಟು ಸಾಕು.”

ಜಯಂತ ತಲೆ ತಗ್ಗಿಸಿದ. ಅವನು ಬಂದಿದ್ದೂ ಅಷ್ಟಕ್ಕೇ. ಗೆಳೆಯನ ಬಾಯಿಗೆ ನಾಲ್ಕು ಕಾಳು ಹಾಕಲು ಬಿಟ್ಟರೆ, ಉಳಿದ ಬೈಗುಳವನ್ನೆಲ್ಲ ಹೊತ್ತುಕೊಂಡು ಹೇಗೋ ಬದುಕಬಹುದು.

ಮಗಳು ಶ್ರೀವಿದ್ಯಾ ಹತ್ತಿರ ಬಂದಳು. ಬೆಲ್‌ವ್ಯೂದಲ್ಲಿ ಫಾರ್ಮಸಿಸ್ಟ್. ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದುದು ಇಂಗ್ಲಿಷ್.

“ಅಂಕಲ್, ಡಿಡ್ ಹಿ ಸೌಂಡ್ ಕನ್‌ಫ್ಯೂಸ್ಡ್? ಹೀಟ್ ಸ್ಟ್ರೋಕಲ್ಲಿ ದಟ್ಸ್ ದ ಫಸ್ಟ್ ಸೈನ್.”

“ಇಲ್ಲಮ್ಮ. ಸರಿಯಾಗೇ ಮಾತಾಡಿದ.”

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಅಮ್ಮನ ಪಕ್ಕಕ್ಕೆ ಹೋಗಿ ನಿಂತಳು.

*

ಅಶ್ವತ್ಥನಾರಾಯಣ ತಿದ್ದಿಸಿಕೊಳ್ಳುವ ಮನುಷ್ಯ. ಕೆಲಸದಲ್ಲಿ ಅವನು ವಿಮಾನದ ರೆಕ್ಕೆಯನ್ನು ಬಗ್ಗಿಸಿ, ಬಿಟ್ಟು, ಮತ್ತೆ ಬಗ್ಗಿಸಿ, ಮೊದಲ ಬಿರುಕು ಎಲ್ಲಿ ಕಾಣುತ್ತದೆಂದು ಹುಡುಕುತ್ತಿದ್ದ. ಮೀಟಿಂಗಿನಲ್ಲಿ ಅವನು “ಜೀರೋ” ಎಂದರೆ ಯಾರಾದರೂ “ಝೀರೋ” ಎನ್ನುತ್ತಿದ್ದರು. ಮನೆಯಲ್ಲಿ ವಸಂತಲಕ್ಷ್ಮಿ, “ಆ ಪ್ಯಾಂಟಿಗೆ ಆ ಶರ್ಟಾ?” ಎನ್ನುತ್ತಿದ್ದಳು. ನಾಲ್ಕು ವರ್ಷದ ಶ್ರೀವಿದ್ಯಾ ಅವನ ತುಟಿಗಳನ್ನು ಬೆರಳಲ್ಲಿ ಹಿಡಿದು “ವಾಟರ್” ಹೇಳಿಸಿದ್ದಳು. ಸೈಕಲ್ ಹತ್ತದ ಜಯಂತ ಕೂಡ ಅವನಿಗೆ ಗೇರ್ ಬದಲಿಸುವುದನ್ನು ಕಲಿಸುತ್ತಿದ್ದ.

ಎಲ್ಲರಿಗೂ ಅವನದು ಒಂದೇ ಉತ್ತರ: “ಹೌದಾ? ಸರಿ.” ಆಮೇಲೆ ಅವರು ಹೇಳಿದಂತೆಯೇ ಮಾಡುತ್ತಿದ್ದ.

ಆಸ್ಟ್ರೇಲಿಯಾ ಪ್ರವಾಸದ ವಿಷಯದಲ್ಲಿ ಮಾತ್ರ ಹಾಗಾಗಲಿಲ್ಲ.

“ಈ ವಯಸ್ಸಲ್ಲಿ ಬೇಡ ರೀ,” ಎಂದಳು ವಸಂತಲಕ್ಷ್ಮಿ.

“ಭಾವ, ಅಲ್ಲಿ ನೋಡೋಕೆ ಏನಿದೆ? ಮಣ್ಣು,” ಎಂದ ಮಂಜುನಾಥ.

“ಹೌದಾ? ಸರಿ,” ಎಂದ ಅಶ್ವತ್ಥನಾರಾಯಣ. ಹೇಳಿ, ಸೈಕಲನ್ನು ಬಿಚ್ಚಿ ಡಬ್ಬದಲ್ಲಿ ತುಂಬುವುದನ್ನು ಮುಂದುವರಿಸಿದ. ಕೊನೆಗೆ ವಸಂತಲಕ್ಷ್ಮಿಯೇ ಜಯಂತನಿಗೆ ಫೋನ್ ಮಾಡಿದಳು. “ನೀವಾದ್ರೂ ಜೊತೇಲಿ ಹೋಗಿ. ವ್ಯಾನ್ ಓಡಿಸೋಕೆ ಜನ ಬೇಕಂತೆ.”

*

ಸಭೆಯಲ್ಲಿ ಮೊದಲು ಮಾತಾಡಿದವನು ಡಗ್. ಸಿಯಾಟಲಿನವನೇ, ಅದೇ ಪ್ರವಾಸದಲ್ಲಿ ಸೈಕಲ್ ತುಳಿದವನು. ದೊಡ್ಡ ಮೈ, ಬಿಸಿಲಿಗೆ ಸುಲಿದ ಮೂಗು. ಇಂಗ್ಲಿಷಿನಲ್ಲಿ, ತಡೆತಡೆದು ಹೇಳಿದ: ಆ ಪ್ರವಾಸದಲ್ಲಿ ನಮ್ಮ ಸಾಮಾನು, ನೀರು, ಊಟ ಎಲ್ಲ ವ್ಯಾನಿನಲ್ಲಿ. ನಮ್ಮದು ತುಳಿಯುವ ಕೆಲಸ ಅಷ್ಟೇ. ಎಲ್ಲರ ಬಳಿಯೂ ವಾಕಿಟಾಕಿ, ಎಲ್ಲರದೂ ಒಂದೇ ಚಾನೆಲ್. ಅದರಲ್ಲಿ ಇಂಗ್ಲಿಷಷ್ಟೇ ಆಡಬೇಕೆಂಬ ನಿಯಮ. ಅಶ್ ಮತ್ತು ಜೇ, ಇವರಿಬ್ಬರು ಅದನ್ನು ಒಂದು ದಿನವೂ ಪಾಲಿಸಲಿಲ್ಲ.

ಕೆಲವರು ನಕ್ಕರು.

“ಒಂದಕ್ಷರ ತಿಳಿಯದಿದ್ದರೂ ನಮಗೆ ಕೇಳಲು ಹಿತವಾಗಿರುತ್ತಿತ್ತು,” ಎಂದ ಡಗ್. “ಅಶ್‌ನ ಕೊನೆಯ ದಿನದ ಮಾತು ನನ್ನ ಕಿವಿಯಲ್ಲಿ ಹಾಗೇ ಉಳಿದಿದೆ. ಅಶ್ ಹೇಳಿದ: ‘ಹೋಗ್ತೀನಿ.’ ಜೇ ನಕ್ಕು ಏನೋ ಉದ್ದಕ್ಕೆ ಹೇಳಿದ. ಆಮೇಲೆ ಅಶ್: ‘ಬರ್ತೀನಿ.’ ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಹೊರಡುವಾಗ ನಮ್ಮಲ್ಲಿ ಅರ್ಧ ಜನ ‘ಹೋಗ್ತೀನಿ’ ಅಂತ ಕೂಗಿದರೆ, ಉಳಿದವರು ‘ಬರ್ತೀನಿ’ ಅನ್ನುತ್ತಿದ್ದೆವು. ಅದರ ಅರ್ಥವೇನೆಂದು ಇವತ್ತು ಇಲ್ಲಿ ಯಾರಾದರೂ ಹೇಳಿದರೆ...”

ಅವನು ನಗುಮುಖದಿಂದ ಸಭೆಯನ್ನು ನೋಡಿದ.

ಕನ್ನಡ ಬಲ್ಲವರು ಒಬ್ಬರೂ ಅಲುಗಲಿಲ್ಲ. ಮುಂದಿನ ಸಾಲಿನಲ್ಲಿ ವಸಂತಲಕ್ಷ್ಮಿ ನಿಧಾನಕ್ಕೆ ಹಿಂದೆ ತಿರುಗಿದಳು.

*

ಕಟ್ಟಕಡೆಯ ಸವಾರನ ಹಿಂದೆ ಒಂದು ವ್ಯಾನ್ ಇರಲೇಬೇಕು. ಅದು ಜಯಂತನ ವ್ಯಾನ್. ಕಟ್ಟಕಡೆಯ ಸವಾರ ಯಾವಾಗಲೂ ಅಶ್ವತ್ಥನಾರಾಯಣ. ಅಂದು ಮುಂದೆಲ್ಲೋ ಯಾರದೋ ಚಕ್ರ ಮುರಿದು, ಬದಲಿ ಚಕ್ರ ತರುವಂತೆ ಕರೆ ಬಂತು. ಹತ್ತೇ ನಿಮಿಷದ ದಾರಿ. ಜಯಂತ ಗೆಳೆಯನನ್ನು ದಾಟುತ್ತ ಹಾರ್ನ್ ಹೊಡೆದ. ಅಶ್ವತ್ಥನಾರಾಯಣ ಸೈಕಲ್ಲಿನ ಮೇಲಿಂದಲೇ ಕೈ ಎತ್ತಿದ. ಅವನ ಅಂಗಿ ಪೂರ್ತಿ ಒಣಗಿತ್ತು. ಒಣ ಸೆಕೆಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ. ಮೈ ಎಷ್ಟು ಬತ್ತಿದೆಯೆಂದು ಮೈಗೇ ತಿಳಿಯುವುದಿಲ್ಲ.

ವ್ಯಾನಿನ ಧೂಳು ಹಿಂದಿನ ದಾರಿಯನ್ನು ಮುಚ್ಚಿತ್ತು. ವಾಕಿಟಾಕಿ ಗರಗರ ಎಂದಿತು.

“ಹೋಗ್ತೀನಿ ಕಣೋ.”

ದನಿ ಸ್ವಲ್ಪ ದಪ್ಪವಾಗಿತ್ತು, ಎಲೆಅಡಿಕೆ ಬಾಯಲ್ಲಿಟ್ಟುಕೊಂಡವರ ಹಾಗೆ. ಆದರೆ ಜಯಂತನ ಕಿವಿ ಹಿಡಿದದ್ದು ದನಿಯನ್ನಲ್ಲ, ಮಾತನ್ನು.

“ಥೂ, ಬಿಡ್ತು ಅನ್ನೋ! ಯಾರಾದ್ರೂ ‘ಹೋಗ್ತೀನಿ’ ಅಂತಾರೇನೋ? ಇಷ್ಟು ವಯಸ್ಸಾಯ್ತು, ನೆಟ್ಟಗೆ ಕನ್ನಡ ಬರಲ್ಲ ನಿಂಗೆ. ‘ಬರ್ತೀನಿ’ ಅನ್ನು.”

ಸ್ವಲ್ಪ ಹೊತ್ತು ಗರಗರ.

“ಹೌದಾ? ಸರಿ. ಬರ್ತೀನಿ.”

ಏನು ವಿಷಯ ಎಂದು ಪ್ರವಾಸದ ಮುಂದಾಳು ಇಂಗ್ಲಿಷಿನಲ್ಲಿ ವಿಚಾರಿಸಿದ. “ಆಲ್ ಗುಡ್,” ಎಂದ ಜಯಂತ, ಇನ್ನೂ ನಗುತ್ತಲೇ.

ವಾಪಸು ಬಂದಾಗ ಸೈಕಲ್ ದಾರಿಯ ಬದಿಯಲ್ಲಿ ಅಚ್ಚುಕಟ್ಟಾಗಿ ನಿಂತಿತ್ತು. ಬಾಟಲಿಯಲ್ಲಿ ನೀರಿತ್ತು. ಹೆಜ್ಜೆಗಳು ದಾರಿ ಬಿಟ್ಟು ಕುರುಚಲು ಗಿಡಗಳ ಕಡೆ ಹೋಗಿದ್ದವು, ನೇರವಾಗಿ, ಅಲ್ಲಿ ಯಾರೋ ಕಾದಿರುವ ಹಾಗೆ.

*

ಪೆಟ್ಟಿಗೆಯ ಮುಚ್ಚಳ ತೆರೆದಿದ್ದರು. ಪುರೋಹಿತರು ಅಕ್ಕಿಯ ತಟ್ಟೆಯನ್ನು ಮುಂದೆ ಚಾಚಿದರು. ವಸಂತಲಕ್ಷ್ಮಿ ಅದನ್ನು ಮುಟ್ಟದೆ, ಬಾಗಿಲ ಬಳಿಯಿದ್ದ ಜಯಂತನ ಮುಂದೆ ಬಂದು ನಿಂತಳು.

“ಮೊದಲು ‘ಹೋಗ್ತೀನಿ’ ಅಂದ್ರಾ?”

“ಅತ್ತಿಗೆ, ಕೇಳಿ...”

“ಅಂದ್ರಾ, ಇಲ್ವಾ?”

“ಅಂದ. ಆದ್ರೆ ಕೊನೇ ಮಾತು ಅದಲ್ಲ. ನಾನು ಸುಳ್ಳು ಹೇಳಿಲ್ಲ ಅತ್ತಿಗೆ.”

“ನಲವತ್ತು ವರ್ಷದಲ್ಲಿ ಒಂದಿನ ಅವರು ಹಾಗೆ ಅಂದೋರಲ್ಲ. ಹಾಲು ತರೋಕೆ ಹೋದ್ರೂ ‘ಬರ್ತೀನಿ’ ಅಂದೇ ಹೋಗೋರು. ‘ಹೋಗ್ತೀನಿ’ ಅಂದಾಗ ನಿಮಗೆ ಏನೋ ಆಗಿದೆ ಅನ್ನಿಸ್ಲಿಲ್ವಾ?”

“ಅಪಶಕುನ ಅನ್ನಿಸ್ತು.”

“ಅದಕ್ಕೆ ತಿದ್ದಿದ್ರಿ.”

“ನಾವೆಲ್ಲಾ ತಿದ್ದಿದೀವಿ ಅತ್ತಿಗೆ, ಅವನನ್ನ,” ಎಂದ ಜಯಂತ. ತಡೆದುಕೊಳ್ಳಬೇಕೆಂದಿದ್ದ ಮಾತು ಜಾರಿಬಿತ್ತು.

ಮಂಜುನಾಥ ಮುಂದೆ ನುಗ್ಗಿದ. “ಎಷ್ಟು ಪೊಗರು ನಿಮ್ಗೆ...” ವಸಂತಲಕ್ಷ್ಮಿ ಅವನ ತೋಳು ಹಿಡಿದು ನಿಲ್ಲಿಸಿದಳು. ಅವಳ ಮುಖ ಬಿಳಿಚಿತ್ತು. ಜಯಂತನ ಮಾತು ತಾಗಬೇಕಾದಲ್ಲಿ ತಾಗಿತ್ತು. ಅದಕ್ಕಾಗಿ ಅವನನ್ನು ಅವಳು ಈ ಜನ್ಮದಲ್ಲಿ ಕ್ಷಮಿಸುವವಳಲ್ಲ ಎಂಬುದೂ ಅಲ್ಲಿ ಕಾಣುತ್ತಿತ್ತು.

“ಅಕ್ಕಿ...” ಎಂದ ಜಯಂತ.

“ಅವರ ಬಾಯಿಗೆ ನೀವು ಹಾಕಬೇಕಾದ್ದನ್ನ ಆಗಲೇ ಹಾಕಿದೀರಿ. ಇಲ್ಲೇ ಇರಿ.”

ಅವಳು ತಿರುಗಿ ಹೋಗಿ ತಟ್ಟೆಯಿಂದ ಚಿಟಿಕೆ ಅಕ್ಕಿ ತೆಗೆದು ಗಂಡನ ತುಟಿಗಳ ನಡುವೆ ಇಟ್ಟಳು. ಪಕ್ಕಕ್ಕೆ ಸರಿದು ಮಗಳನ್ನು ಕರೆದಳು. ಶ್ರೀವಿದ್ಯಾ ತಟ್ಟೆಯಲ್ಲಿ ಕೈಯಿಟ್ಟಳು. ಎಡಗೈ. ಬರೆಯುವ ಕೈ, ಉಣ್ಣುವ ಕೈ, ಅವಳಿಗೆ ಎಲ್ಲಕ್ಕೂ ಅದೇ.

ಪುರೋಹಿತರು ಬಾಯಿ ತೆರೆದು, ಹಾಗೇ ಮುಚ್ಚಿದರು. ಮಂಜುನಾಥ “ವಿದ್ಯಾ...” ಎಂದು ಶುರುಮಾಡಿ, ಅಕ್ಕನ ಮುಖ ನೋಡಿ ನಿಲ್ಲಿಸಿದ. ಬಾಗಿಲ ಬಳಿ ಜಯಂತನ ನಾಲಿಗೆಯೂ ಮೇಲೆದ್ದಿತ್ತು. ಅವನು ಅಂಗೈಯಿಂದ ಬಾಯಿ ಮುಚ್ಚಿಕೊಂಡ.

ಹುಡುಗಿ ಎಡಗೈಯ ಮೂರು ಬೆರಳುಗಳಲ್ಲಿ ಅಕ್ಕಿ ಹಿಡಿದು ಅಪ್ಪನ ಮುಖದ ಮೇಲೆ ಬಾಗಿದಳು. ಒಂದೆರಡು ಕಾಳು ಬಾಯೊಳಗೆ ಬಿದ್ದವು. ಉಳಿದವು ಗಲ್ಲದಿಂದ ಜಾರಿ ಕೊರಳಿನ ಗುಳಿಯಲ್ಲಿ ಕೂತವು. ಅವನ್ನು ತೆಗೆಯಲು ಯಾರೂ ಕೈ ಚಾಚಲಿಲ್ಲ.