ಹನ್ನೊಂದನೇ ಟೇಕಿನ ಮುಖ

೧.

ಹೇಗೆ ಶುರು ಮಾಡಲಿ, ನೀವೇ ಹೇಳಿ. ಹೆಣದಿಂದ ಶುರು ಮಾಡಿದರೆ ಕೂತು ಓದುತ್ತೀರಿ, ಗೊತ್ತು. ಆದರೆ ಹೆಣ ರಬ್ಬರಿನದು. ವ್ಯಾನ್ ನೈಸ್ ಅನ್ನುವ ಊರಿನ ಗೋದಾಮೊಂದರಲ್ಲಿ ಸಿನಿಮಾಕ್ಕೆಂದು ಕಟ್ಟಿದ ಅಡುಗೆಮನೆ ಸೆಟ್ಟಿನಲ್ಲಿ, ದೊಡ್ಡ ಫ್ರೀಜರಿನೊಳಗೆ ಮೊಣಕಾಲು ಮಡಚಿಕೊಂಡು ಬಿದ್ದಿತ್ತು. ಅದರ ಒಂದು ಕಿವಿಯನ್ನು ಆ ಬೆಳಿಗ್ಗೆಯಷ್ಟೇ ಅಂಟಿಸಿದ್ದರು.

ಬೇಡ. ಡಾರ್ಲಾಳಿಂದ ಶುರು ಮಾಡುತ್ತೇನೆ.

೧. (ಮತ್ತೆ)

ಡಾರ್ಲಾ ಪಿಕೆಟ್‌ಗೆ ಅರವತ್ತೊಂದು ವರ್ಷ. ಯಾವ ಟೇಕಿನಲ್ಲಿ ಲೋಟ ಎಡಗೈಯಲ್ಲಿತ್ತು, ಯಾವುದರಲ್ಲಿ ಕೂದಲು ಕಿವಿಯ ಹಿಂದಿತ್ತು, ಎಲ್ಲ ಬರೆದಿಡುವ ಕಂಟಿನ್ಯೂಟಿ ಕೆಲಸ ಅವಳದು. ಮೂವತ್ತು ವರ್ಷದಲ್ಲಿ ಒಂದೇ ಒಂದು ಸುಳ್ಳೂ ಬರೆದವಳಲ್ಲ.

(ಈ ಸಾಲು ಡಾರ್ಲಾಗೆ ಹಿಡಿಸಲಿಲ್ಲ. "ನನ್ನನ್ನ ದೊಡ್ಡ ಸಾಧ್ವಿ ಮಾಡ್ಬೇಡಿ. ಮುಂದೆ ನಾನೇನು ಮಾಡಿದೆ ಅಂತ ಗೊತ್ತಲ್ಲ ನಿಮಗೆ?" ಅಂದಳು. ಹೊಡೆದುಹಾಕಿದ್ದೇನೆ. ನೀವೂ ಓದಿಲ್ಲ ಅಂದುಕೊಳ್ಳಿ.)

೨.

ನಾಯಕಿ ರೆನಿ ಗಯಾರ್ಡೊ, ಇಪ್ಪತ್ತಾರು ವರ್ಷ, ಮೊದಲ ದೊಡ್ಡ ಪಾತ್ರ. ಅವಳು ಫ್ರೀಜರಿನ ಮುಚ್ಚಳ ಎತ್ತಬೇಕು, ಗಂಡನ ಹೆಣ ಕಾಣಬೇಕು, ಬೆಚ್ಚಿಬೀಳಬೇಕು. ಇಷ್ಟೇ. ಹತ್ತು ಟೇಕಾದವು. ಹತ್ತರಲ್ಲೂ ಒಡೆದ ಹಾಲು ಕಂಡವಳಷ್ಟೇ ಬೆಚ್ಚಿದಳು.

ಊಟದ ಹೊತ್ತಿಗೆ ನಿರ್ದೇಶಕ ಕರ್ಟ್ ಹ್ಯಾಲ್ವರ್ಸನ್ ಟಾಕೋ ತಿಂಡಿಯ ಗಾಡಿ ಹತ್ತಿರ ಡಾರ್ಲಾಳನ್ನು ಪಕ್ಕಕ್ಕೆ ಕರೆದ.

"ಕ್ಯಾಮೆರಾ ಓಡ್ತಿರುವಾಗ ನೀವೊಂದು ಮಾತು ಹೇಳ್ಬೇಕು ಅವಳಿಗೆ. ಅವರಮ್ಮ ಬಿದ್ದುಬಿಟ್ಟಿದಾರೆ ಅಂತ."

"ತಲೆ ಕೆಟ್ಟಿದೆಯಾ ನಿಮಗೆ?"

"ಐದೇ ಸೆಕೆಂಡು. ಆಮೇಲೆ ನಾನೇ ಅವಳ ಕಾಲು ಹಿಡ್ಕೋತೀನಿ. ನಾನು ಹೇಳಿದ್ರೆ ನಗ್ತಾಳೆ. ನೀವು ಹೇಳಿದ್ರೆ ನಂಬ್ತಾಳೆ, ಡಾರ್ಲಾ."

ಅವನ ಕೈಯಲ್ಲಿ ರೆನಿ ಕೆಲಸಕ್ಕೆ ಸೇರುವಾಗ ತುಂಬಿದ್ದ ಫಾರಂ ಇತ್ತು. ತುರ್ತಿಗೆ ಯಾರನ್ನು ಸಂಪರ್ಕಿಸಬೇಕು ಅನ್ನುವ ಕಡೆ ಬರೆದಿದ್ದಳು: ತಾಯಿ, ಒಫೀಲಿಯಾ ಗಯಾರ್ಡೊ, ಬೇಕರ್ಸ್‌ಫೀಲ್ಡ್.

೩.

ಇಲ್ಲಿ ಡಾರ್ಲಾ ಆ ಫಾರಮ್ಮನ್ನು ಅವನ ಮುಖಕ್ಕೆಸೆದು ಹೊರಟುಹೋದಳು ಅಂತ ಒಂದು ಪುಟ ಬರೆದಿದ್ದೆ. ಚೆನ್ನಾಗಿಯೂ ಬಂದಿತ್ತು.

"ಹೋಗ್ಲಿಲ್ಲ ನಾನು," ಅಂದಳು ಡಾರ್ಲಾ. "ಒಪ್ಕೊಂಡೆ. ಯಾಕೆ ಅಂತಲೂ ಬರೀರಿ."

"ಯಾಕೆ?"

"ನೀವು ಹೇಳಿದ್ರೆ ನಂಬ್ತಾಳೆ ಅಂದನಲ್ಲ, ಖುಷಿಯಾಯ್ತು. ಅಷ್ಟೇ."

(ನಾನು ಎರಡು ದಿನ ಏನೂ ಬರೆಯಲಿಲ್ಲ.)

೫.

(ನಾಲ್ಕನ್ನು ಹರಿದುಹಾಕಿದೆ. ಅದರಲ್ಲಿ ಬರೀ ಬಿಸಿಲಿನ ವರ್ಣನೆಯಿತ್ತು.)

ಹನ್ನೊಂದನೇ ಟೇಕು. ರೆನಿ ಮುಚ್ಚಳ ಎತ್ತಿದಳು. ಕ್ಯಾಮೆರಾದ ಪಕ್ಕದಿಂದ ಡಾರ್ಲಾ ಹೇಳಿದಳು: "ರೆನಿ, ಬೇಕರ್ಸ್‌ಫೀಲ್ಡಿಂದ ಫೋನು. ನಿಮ್ಮಮ್ಮ ಬಾತ್‌ರೂಮಲ್ಲಿ ಬಿದ್ದಿದಾರಂತೆ. ನಿನ್ನನ್ನೇ ಕರೀತಿದಾರೆ."

ರೆನಿ ತಿರುಗಿದಳು. ಬಾಯಿ ತೆರೆಯಿತು, ದನಿ ಬರಲಿಲ್ಲ. ಹಿಡಿದಿದ್ದ ಮುಚ್ಚಳ ಧಡಾರನೆ ಬಿತ್ತು, ರೆಪ್ಪೆ ಕೂಡ ಅಲುಗಲಿಲ್ಲ. ದೀಪ ಹಿಡಿದಿದ್ದವನೊಬ್ಬ "ಅಯ್ಯೋ ದೇವರೇ" ಅಂದ.

"ಕಟ್! ಇದು! ಇದೇ ನನಗೆ ಬೇಕಾಗಿದ್ದು!" ಕರ್ಟ್ ಓಡಿಬಂದು ಅವಳ ಭುಜ ಹಿಡಿದುಕೊಂಡ. "ಸುಳ್ಳು ರೆನಿ, ಶುದ್ಧ ಸುಳ್ಳು! ನಿಮ್ಮಮ್ಮ ಚೆನ್ನಾಗಿದಾರೆ!"

"ನಮ್ಮಮ್ಮ ಸತ್ತು ಎರಡು ವರ್ಷ ಆಯ್ತು," ಅಂದಳು ರೆನಿ.

ಕರ್ಟ್‌ನ ಕೈ ಅವಳ ಭುಜದ ಮೇಲೇ ಉಳಿಯಿತು. "ಮತ್ತೆ ಆ ಫಾರಮಲ್ಲಿ..."

"ಬೇರೆ ಯಾರ ಹೆಸರು ಬರೀಲಿ ನಾನು?"

೬.

ನೀವೂ ಬೆಚ್ಚಿದಿರಿ ತಾನೆ? ತಡೆಯಿರಿ, ನನ್ನ ನಿದ್ದೆ ಕೆಡಿಸಿದ್ದು ಇನ್ನೂ ಬಂದಿಲ್ಲ.

ಸಂಜೆ ಆ ಟೇಕನ್ನು ಮಾನಿಟರಿನಲ್ಲಿ ಹಾಕಿ ನೋಡಿದರು. "ಎಂಥ ಭಯ ನೋಡಿ," ಅಂತ ಕರ್ಟ್ ಪಿಸುಗುಟ್ಟಿದ. ಡಾರ್ಲಾ ನೋಡಿದಳು. ಭಯವಲ್ಲ ಅದು. ಅಮ್ಮ ಬಿದ್ದಿದ್ದಾಳೆ ಅಂದರೆ ಅಮ್ಮ ಇದ್ದಾಳೆ ಅಂತಲ್ಲವೇ? ಒಂದು ಕ್ಷಣ, ಒಂದೇ ಕ್ಷಣ, ಆ ಹುಡುಗಿ ಅದನ್ನು ನಂಬಿದ್ದಳು.

ಡಾರ್ಲಾ ತನ್ನ ಟಿಪ್ಪಣಿಯಲ್ಲಿ ಹನ್ನೊಂದನೇ ಟೇಕಿನ ಮುಂದೆ "ಬಳಸಕೂಡದು" ಅಂತ ಬರೆದು ಎರಡು ಗೆರೆ ಎಳೆದಳು. ಕರ್ಟ್ ಬಳಸಿದ. ಥಿಯೇಟರಿನಲ್ಲಿ ಜನ ಅಲ್ಲಿಯೇ ಕಿರುಚುತ್ತಾರೆ.

೭.

ಮುಕ್ತಾಯ, ಮೊದಲ ಕರಡು: ರೆನಿ ಡಾರ್ಲಾಳ ಕೆನ್ನೆಗೆ ಬಾರಿಸಿದಳು. ("ಬಾರಿಸಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು," ಅಂದಳು ಡಾರ್ಲಾ.)

ಎರಡನೇ ಕರಡು: ಇಬ್ಬರೂ ತಬ್ಬಿಕೊಂಡು ಅತ್ತರು. ("ಇದನ್ನ ಕರ್ಟ್‌ಗೆ ಕೊಡಿ, ಸಿನಿಮಾ ತೆಗೀತಾನೆ.")

ನಡೆದದ್ದು ಹೀಗೆ. ಮರುದಿನ ಬೆಳಿಗ್ಗೆ ಡಾರ್ಲಾ ಕ್ಷಮೆ ಕೇಳಲು ಮೇಕಪ್ ವ್ಯಾನಿಗೆ ಹೋದಳು. ರೆನಿ ಒಬ್ಬಳೇ ಕನ್ನಡಿ ಮುಂದೆ ಕೂತಿದ್ದಳು.

"ರೆನಿ, ನಾನು ಮಾಡಿದ್ದು..."

"ಅದು ಬಿಡಿ. ನಿನ್ನೆ ಹೇಳಿದ್ರಲ್ಲ, ಕೊನೇ ಮಾತು. ಅದನ್ನ ಇನ್ನೊಂದ್ಸಲ ಹೇಳ್ತೀರಾ?"

"ಬೇಡಮ್ಮ."

"ಹೇಳಿ."

"...ನಿನ್ನನ್ನೇ ಕರೀತಿದಾರೆ."

ರೆನಿ ಕಣ್ಣು ಮುಚ್ಚಿ ಕೇಳಿಸಿಕೊಂಡಳು. ಆಮೇಲೆ ತಲೆಯಾಡಿಸಿದಳು. "ಇಷ್ಟು ಮೆತ್ತಗೆ ಅಲ್ಲ. ಅಮ್ಮ ಬೀದಿಗೆಲ್ಲ ಕೇಳೋ ಹಾಗೆ ಕೂಗೋಳು. ಹೆಸರು ಹಿಡಿದು, ಬೈದ ಹಾಗೆ."

ಡಾರ್ಲಾ ಉಸಿರೆಳೆದುಕೊಂಡಳು. "ರೆನೀ!"

"ಇನ್ನೂ ಜೋರಾಗಿ."

"ರೆನೀ!"

ಏನೋ ಜಗಳ ಅಂದುಕೊಂಡು ಹೊರಗೆ ಜನ ಸೇರಿದರು, ಬಾಗಿಲು ಬಡಿಯತೊಡಗಿದರು. ಡಾರ್ಲಾ ಮತ್ತೆ ಬಾಯಿ ತೆರೆದಳು. ಇಲ್ಲಿಂದಾಚೆ ನಾನು ಬರೆಯುವುದಿಲ್ಲ. ಬಾಗಿಲು ಯಾರು ತೆರೆದರು ಅಂತ ನನ್ನನ್ನು ಕೇಳಬೇಡಿ. ನೀವೂ ಈಗ ಬಡಿಯುವುದನ್ನು ನಿಲ್ಲಿಸಿ.